ಮಡಹಾಗಲದ ಗೊಡ್ಡು ಬಳ್ಳಿ

ಬಳ್ಳಿಗಳ ವಿಷಯದಲ್ಲಿ ಹೂವಮ್ಮನಿಗೆ ಪಾಠ ಹೇಳುವವರು ರಿಪ್ಪನ್‌ಪೇಟೆಯಲ್ಲಿ ಯಾರೂ ಇರಲಿಲ್ಲ. ಗೌರಿ ಹೂವಿನ ಬಳ್ಳಿ ಎಲೆಯ ತುದಿಯಿಂದಲೇ ಬೇಲಿ ಹಿಡಿಯುತ್ತದೆ, ಅಮೃತಬಳ್ಳಿಯ ಬುಡ ಕಡಿದರೂ ಅದು ಮೇಲಿನಿಂದ ಬೇರು ಇಳಿಸುತ್ತದೆ ಎಂದು ಶಾಲೆಯ ಮೇಷ್ಟ್ರಾದ ನನಗೆ ತೋರಿಸಿಕೊಟ್ಟವಳೇ ಅವಳು. ನಾನು ಅವಳಿಗೆ ಹೇಳಿದ್ದು ಒಂದೇ ಪಾಠ. ಅದನ್ನೂ ಹೇಳಬಾರದಿತ್ತು.

ಅವಳ ಮೊದಲಿನ ಮನೆ ಹೊನ್ನೆಮರಡಿನ ಕಡೆ. ಮದುವೆಯಾಗಿ ಹದಿನೈದು ವರ್ಷವಾದರೂ ಮಕ್ಕಳಾಗಲಿಲ್ಲ. ನೆಂಟರು ಅವಳನ್ನು ಗೊಡ್ಡು ಎಂದು ಜರೆದು, ಗಂಡ ಕನ್ನಪ್ಪನಿಗೆ ಇನ್ನೊಂದು ಹೆಣ್ಣು ನೋಡಿದರು. "ಇರೋಳೇ ಸಾಕು ಬಿಡಿ," ಎಂದಷ್ಟೇ ಹೇಳಿ ಕನ್ನಪ್ಪ ಗದ್ದೆಗೆ ಹೋದನಂತೆ.

೧೯೬೪ರಲ್ಲಿ ಶರಾವತಿಯ ಹಿನ್ನೀರು ಏರಿ ಊರು ಮುಳುಗುವ ಮುಂಚೆ, ಲಾರಿಗೆ ಸಾಮಾನು ಹೇರುವಾಗ ಹೂವಮ್ಮ ಹಿತ್ತಲಿನ ಮಡಹಾಗಲದ ಗೆಡ್ಡೆಗಳನ್ನು ಅಗೆದಳು. ಕನ್ನಪ್ಪನಿಗೆ ಆ ಮುಳ್ಳುಮುಳ್ಳಿನ ಕಾಯಿಯ ಪಲ್ಯವೆಂದರೆ ಪ್ರಾಣ. ಕಾಯಿ ಬಿಡುತ್ತಿದ್ದ ಮೂರು ಬಳ್ಳಿಗಳ ಬುಡಕ್ಕೆ ಗೂಟ ಹೊಡೆದು ಮಳೆಗಾಲದಲ್ಲೇ ಗುರುತು ಮಾಡಿದ್ದಳು. ನಾಲ್ಕನೆಯದು ಬರೀ ಹೂ ಬಿಡುತ್ತಿತ್ತು.

"ಅದ್ನೂ ತಗಳೆ," ಎಂದ ಕನ್ನಪ್ಪ.

"ಗೊಡ್ಡು ಬಳ್ಳಿ ಎಂತಕ್ಕೆ? ಜಾಗ ದಂಡ."

ರಿಪ್ಪನ್‌ಪೇಟೆಗೆ ಬಂದ ವರ್ಷವೇ ಕನ್ನಪ್ಪ ಜ್ವರದಲ್ಲಿ ತೀರಿಕೊಂಡ. ಅವನ ಹೆಸರಿನ ಎಡೆಗೆ ಹಳೆಯ ಹಿತ್ತಲಿನಿಂದ ತಂದು ನೆಟ್ಟ ಆ ಬಳ್ಳಿಗಳ ಕಾಯಿಯನ್ನೇ ಪಲ್ಯ ಮಾಡಿ ಬಡಿಸಬೇಕೆಂದು ಹೂವಮ್ಮ ಹಟ ಹಿಡಿದಳು. ಸಂತೆಯ ಕಾಯಿ ಆಗದು. ಎರಡು ಮಳೆಗಾಲ ಕಳೆದವು.

"ಮೇಷ್ಟ್ರೇ, ಹೂವಾಗ್ತದೆ. ಹೂವಿನ ಹಿಂದೆ ಹೀಚೂ ಇರ್ತದೆ. ಆಮೇಲೆ ಹಳದಿಯಾಗಿ ಉದುರ್ತದೆ. ಮಣ್ಣಿಗೆ ಎಂತ ಕೊರತೆ?"

ಪುಸ್ತಕ ಓದಿದ ಬಾಯಿ ನನ್ನದು, ಸುಮ್ಮನಿರಲಿಲ್ಲ. "ಇವು ಮೂರೂ ಹೆಣ್ಣು ಬಳ್ಳಿ, ಹೂವಮ್ಮ. ಮಡಹಾಗಲದಲ್ಲಿ ಗಂಡು ಬಳ್ಳಿ ಬೇರೆಯೇ ಇರುತ್ತೆ. ಅದು ಹೂ ಮಾತ್ರ ಬಿಡೋದು. ಅದು ಹತ್ತಿರ ಇಲ್ದಿದ್ರೆ ಇವು ಕಾಯಿ ಕಚ್ಚಲ್ಲ."

ಅವಳು ಚಪ್ಪರದ ಕಂಬ ಹಿಡಿದು ಕುಳಿತುಬಿಟ್ಟಳು. ಆ ಮುಖ ನೋಡಿ ನನ್ನ ಓದಿಗಿಷ್ಟು ಬೆಂಕಿ ಬೀಳಲಿ ಅನ್ನಿಸಿತು. ಕಾಡಿನಲ್ಲಿ ಹುಡುಕಿ ಗಂಡು ಗೆಡ್ಡೆ ತಂದುಕೊಡುತ್ತೇನೆ ಎಂದೆ. ಅವಳು ತಲೆಯಾಡಿಸಿದಳು, ಬೇಡವೆಂದು.

"ನನ್ನೂ ಗೊಡ್ಡು ಅಂದಿದ್ರು ಮೇಷ್ಟ್ರೇ. ನಮ್ಮನೆಯೋರು ನನ್ನ ಬಿಡ್ಲಿಲ್ಲ. ನಾನು ಅದ್ನ ನೀರಿಗೆ ಬಿಟ್ಟು ಬಂದೆ."

ಆ ವರ್ಷದ ಎಡೆಗೆ ನನ್ನನ್ನೂ ಕರೆದಿದ್ದಳು. ಬಾಳೆಲೆಯ ತುಂಬ ಬಡಿಸಿ, ಪಲ್ಯದ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದಳು.