ಕನ್ನಡಕದಂಗಡಿಯ ಸೀಟಿ

ಕನ್ನಡಕದಂಗಡಿಯವನ ಮೂಗಿನ ಮೇಲೆ ಕನ್ನಡಕವಿರಲಿಲ್ಲ. ವ್ಯಾಪಾರದ ಲೆಕ್ಕದಲ್ಲಿ ಇದು ದೊಡ್ಡ ತಪ್ಪು. "ಗಾಜಿಲ್ದೇ ಇದ್ರೂ ಪರವಾಗಿಲ್ಲ, ಒಂದು ಫ್ರೇಮಾದ್ರೂ ಹಾಕ್ಕೊಂಡು ಕೂತ್ಕೊಳ್ರೀ" ಎಂದು ಹೆಂಡತಿ ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಐವತ್ತು ದಾಟಿದರೂ ತನ್ನದು ಹದ್ದಿನ ಕಣ್ಣು ಎಂಬ ಜಂಬ ಅವನಿಗೆ. ಪ್ರತಿದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ಹೊಸ್ತಿಲ ಮೇಲೇ ನಿಂತು, ಒಳಗೋಡೆಯ ಅಕ್ಷರಪಟದ ಕಟ್ಟಕಡೆಯ ಸಾಲನ್ನು ಒಂದೇ ಉಸಿರಿಗೆ ಓದುತ್ತಿದ್ದ. ಇರುವೆಗಿಂತ ಸಣ್ಣ ಅಕ್ಷರಗಳವು. ಓದಿ ಮುಗಿಸಿ, ಬೀದಿಯ ಕಡೆ ಒಮ್ಮೆ ತಿರುಗಿ ನೋಡಿ, ಆಮೇಲೆ ಪೊರಕೆ ಹಿಡಿಯುತ್ತಿದ್ದ.

ಅಂಗಡಿ ಮಾವನದು, ಪಟವೂ ಮಾವನ ಕಾಲದ್ದು. ಮದುವೆಯಲ್ಲಿ ಮಾವನಿಂದ ಅವನಿಗೆ ಬಂದದ್ದು ಮೂರು: ಹೆಂಡತಿ, ಅಂಗಡಿ ಮತ್ತು ಗೂಳಿ. ಗೂಳಿ ಎಂದರೆ ಹೆಂಡತಿಯ ತಮ್ಮ. ಬಾಗಿಲಲ್ಲಿ ಅಡ್ಡ ತಿರುಗಿ ಒಳಬರಬೇಕಾದ ಗಾತ್ರದವನು. ಪೇಟೆ ರಗ್ಬಿ ತಂಡದ ಹೆಮ್ಮೆ.

ಕನ್ನಡಕದವನಿಗೂ ಹರೆಯದಲ್ಲಿ ರಗ್ಬಿಯ ಹುಚ್ಚಿತ್ತು. ಆದರೆ ಮೈಕಟ್ಟು ಕೊಡೆಯ ಕಡ್ಡಿಯಂಥದ್ದು. ಮೊದಲ ಪಂದ್ಯದಲ್ಲೇ ಅವನನ್ನು ಆಟಗಾರರ ರಾಶಿಯ ಅಡಿಯಿಂದ ಎಳೆದು, ಧೂಳು ಕೊಡವಿ, ಗೆರೆಯಾಚೆ ನಿಲ್ಲಿಸಿ ಕೈಗೊಂದು ಸೀಟಿ ಕೊಟ್ಟರು. ಅಂದಿನಿಂದ ಪ್ರತಿ ಭಾನುವಾರ ಅವನೇ ರೆಫರಿ. ರೆಫರಿ ತಪ್ಪು ಮಾಡಿದಾಗ ಲೋಕದಲ್ಲೆಲ್ಲ ಜನ ಕೂಗುವ ಮಾತು ಒಂದೇ: "ಕಣ್ಣು ತೋರಿಸ್ಕೊಳ್ಳಯ್ಯಾ!" ಇವನ ವಿಷಯದಲ್ಲಿ ಮಾತ್ರ ಎಲ್ಲಿ ತೋರಿಸಬೇಕು ಎಂಬುದೇ ತೊಡಕು. ಇದ್ದ ಒಂದೇ ಕನ್ನಡಕದಂಗಡಿ ಅವನದು.

ಆ ಭಾನುವಾರ ಕಪ್ಪಿನ ಸರಣಿಯಲ್ಲಿ ಕೊನೆಯದಕ್ಕೆ ಹಿಂದಿನ ಪಂದ್ಯ. ಪೇಟೆ ತಂಡಕ್ಕೂ ಗೋದಾಮು ತಂಡಕ್ಕೂ ಸೆಣಸಾಟ. ಕೊನೆಯ ನಿಮಿಷದಲ್ಲಿ ಗೂಳಿ ಚೆಂಡನ್ನು ಅವುಚಿಕೊಂಡು, ಅಡ್ಡ ಬಂದವರನ್ನೆಲ್ಲ ಹೊತ್ತುಕೊಂಡೇ ಓಡಿ, ಗೆರೆಯಾಚೆ ದೊಪ್ಪನೆ ಬಿದ್ದ. ಅವನ ಮೇಲೆ ಹತ್ತು ಜನ ಬಿದ್ದರು. ಚೆಂಡು ನೆಲ ಮುಟ್ಟಿದ್ದರೆ ಪೇಟೆಗೆ ಗೆಲುವು. ಕನ್ನಡಕದವನು ಓಡಿ ಬಂದು, ಬಗ್ಗಿ, ರಾಶಿಯೊಳಗೆ ಇಣುಕಿ, ಎದ್ದುನಿಂತು ಕೈಯಾಡಿಸಿದ. ಮುಟ್ಟಿಲ್ಲ!

ಸೋಮವಾರ ಅಂಗಡಿಗೆ ನೊಣವೂ ಬರಲಿಲ್ಲ. ಮಂಗಳವಾರ ಒಬ್ಬಳು ಅಜ್ಜಿ ಬಂದಳು, ರಿಪೇರಿಗೆ ಕೊಟ್ಟ ಕನ್ನಡಕ ವಾಪಸ್ಸು ಕೇಳಲು. "ರಿಪೇರಿ ಆಗಿಲ್ಲಮ್ಮ" ಎಂದರೆ, "ಪರವಾಗಿಲ್ಲಪ್ಪ, ಮುರಿದಿದ್ದೇ ಕೊಡು" ಎಂದಳು.

ಕನ್ನಡಕದವನ ಪಾಡು ಅಡಕತ್ತರಿಯಲ್ಲಿ ಸಿಕ್ಕಂತಾಯಿತು. ನೋಡಿಯೇ ತೀರ್ಪು ಕೊಟ್ಟೆ ಎಂದರೆ ಪೇಟೆಯ ಗಿರಾಕಿಗಳು ಈ ಜನ್ಮದಲ್ಲಿ ಹತ್ತಿರ ಸುಳಿಯರು. ಕಾಣಿಸಲಿಲ್ಲ ಎಂದರೋ, ತನ್ನ ಕಣ್ಣೇ ನೆಟ್ಟಗಿಲ್ಲದವನ ಹತ್ತಿರ ಕಣ್ಣು ತೋರಿಸುವವರು ಯಾರು? ಎರಡರಲ್ಲಿ ಯಾವುದನ್ನು ಹೇಳಿದರೂ ಮಾವನ ಅಂಗಡಿಗೆ ಬೀಗ.

"ಏನಾದ್ರೂ ಒಂದು ಹೇಳಿಬಿಡ್ರೀ" ಎಂದಳು ಹೆಂಡತಿ. "ತಮ್ಮ ಮೂರು ದಿನದಿಂದ ನಮ್ಮನೇಲಿ ಊಟ ಮಾಡ್ತಿಲ್ಲ."

"ಅದೊಂದೇ ಕಣೇ ಈ ವಾರ ಉಳಿತಾಯ."

ಪಕ್ಕದ್ದು ಬೇಕರಿ. ನಡುವಿನ ಗೋಡೆ ಬಿಸ್ಕತ್ತಿನಷ್ಟು ತೆಳು. ಬೇಕರಿಯಣ್ಣನ ಬೆಂಚಿನ ಮೇಲೆ ಆ ದಿನ ಬಸ್ ಡ್ರೈವರ್ ಮತ್ತು ಗೂಳಿ ಕೂತು ಕಪ್ಪು ಯಾರಿಗೆ ಎಂದು ಕಿತ್ತಾಡುತ್ತಿದ್ದರು.

"ಗಿರಣಿ ತಂಡಕ್ಕೇ ಕಣ್ರೋ" ಎಂದ ಡ್ರೈವರ್. "ಅವರ ಮುಂದಿನ ಸಾಲು ನೋಡಿದ್ದೀರಾ? ನನ್ನ ಬಸ್ಸಿನ ಬಂಪರ್ ಇದ್ದಂಗಿದೆ."

"ನಿನ್ನ ಬಸ್ಸಿನ ಬಂಪರ್ ಹಗ್ಗದಲ್ಲಿ ಕಟ್ಟಿರೋದು" ಎಂದ ಬೇಕರಿಯಣ್ಣ. "ಕಪ್ಪು ನಮ್ಮದೇ. ಗೋದಾಮಿಗೆ ಸೋತ್ರೂ ಅಂಕ ಇದೆ, ಬರೋ ಭಾನುವಾರ ಕೊನೇ ಪಂದ್ಯದಲ್ಲಿ ಗಿರಣಿಯವರನ್ನ ಸೋಲಿಸಿದ್ರೆ ಸಾಕು. ಒಂದೇ ಕಂಟಕ ಅಂದ್ರೆ…" ಇಲ್ಲಿ ಅವನು ದನಿ ಏರಿಸಿದ, "ಗೋಡೆ ಆಚೆ ಇದೆ!"

ಕನ್ನಡಕದವನಿಗೆ ತಡೆಯಲಾಗಲಿಲ್ಲ. ಅಂಗಡಿಯ ಬಾಗಿಲಿಗೆ ಬಂದು ಕೂಗಿದ. "ಬನ್ರಯ್ಯಾ, ಇಲ್ಲೇ ಬಂದು ಮಾತಾಡಿ! ನೀವು ಗ್ಯಾಲರೀಲಿ ಕೂತು ಕಂಡವರಲ್ವಾ? ಆ ಪಟ ಓದಿ ನೋಡೋಣ. ಓದಿದವನಿಗೆ ನನ್ನ ಬೈಯೋ ಹಕ್ಕು."

ಬೈಯುವ ಹಕ್ಕು ಬಿಟ್ಟಿ ಸಿಕ್ಕರೆ ಬಿಡುವ ಗಿರಾಕಿ ಎಲ್ಲಿದ್ದಾನೆ? ಮೂವರೂ ಬಂದರು. ಬೇಕರಿಯಣ್ಣ ಕೈಯಲ್ಲಿದ್ದ ಉದ್ದನೆಯ ಬ್ರೆಡ್ಡನ್ನೂ ಜೊತೆಗೇ ತಂದ.

ಬೇಕರಿಯಣ್ಣ ನಾಲ್ಕನೆಯ ಸಾಲಿಗೆ ತೊದಲಿದ. ಡ್ರೈವರ್ ಮೂರನೆಯದಕ್ಕೇ ಮುಗ್ಗರಿಸಿ, "ಪಟ ಅಲ್ಲಾಡ್ತಿದೆ" ಎಂದ.

"ಪಟಕ್ಕೆ ಮೊಳೆ ಹೊಡೆದಿದೆ" ಎಂದಳು ಹೆಂಡತಿ.

"ದೇವರೇ!" ಎಂದ ಬೇಕರಿಯಣ್ಣ. "ನಾನು ದಿನಾ ಇವನ ಬಸ್ಸಲ್ಲೇ ಹೋಗೋದು!"

ಕನ್ನಡಕದವನಿಗೆ ಹೋದ ಜೀವ ಬಂದಂತಾಯಿತು. ಪರೀಕ್ಷೆಯ ಫ್ರೇಮುಗಳೆರಡನ್ನೂ ತೆಗೆದು, ಇಬ್ಬರ ಮೂಗಿಗೂ ಏರಿಸಿ, ಒಂದೊಂದೇ ಗಾಜು ಹಾಕುತ್ತ, ತೆಗೆಯುತ್ತ, ಹಾಕುತ್ತ ಕೂತ. ಕೊನೆಗೆ ಇಬ್ಬರಿಗೂ ಇರುವೆ ಸಾಲು ಕಾಣಿಸಿತು. ಜೊತೆಗೆ ಡ್ರೈವರನಿಗೆ ಬೇಕರಿಯಣ್ಣನ ಅಂಗಿಯ ಮೇಲಿನ ಹಿಟ್ಟಿನ ಕಲೆ, ಬೇಕರಿಯಣ್ಣನಿಗೆ ಡ್ರೈವರನ ಮೂಗಿನ ಕೂದಲು ಕೂಡ.

"ಈಗ ಸರಿಯಾಗಿ ಕಾಣ್ತಿದೆ. ಇನ್ನೊಂದ್ಸಲ ಬೀಳೋ ಗೂಳಿ, ನೋಡೇಬಿಡೋಣ" ಎಂದ ಬೇಕರಿಯಣ್ಣ.

"ಬೇಡಪ್ಪಾ" ಎಂದು ಅಕ್ಕ ಹೇಳುವಷ್ಟರಲ್ಲಿ ಗೂಳಿ ಬ್ರೆಡ್ಡನ್ನು ಅವುಚಿಕೊಂಡು ಬಾಗಿಲಿಂದ ಓಡಿ ಬಂದು ಹಾರಿದ. ಮೈದಾನವಾಗಿದ್ದರೆ ನಿಲ್ಲಲು ಜಾಗವಿರುತ್ತಿತ್ತು. ಇಲ್ಲಿ ಗೋಡೆಯಿತ್ತು. ಬ್ರೆಡ್ಡು ಚಪ್ಪಟೆಯಾಯಿತು. ಮಾವನ ಕಾಲದ ಪಟ ಗೂಳಿಯ ತಲೆಯ ಮೇಲೆ ಬಿದ್ದು ನಡುವೆ ಹರಿದು, ಕೊರಳಿಗೆ ಹಾರದಂತೆ ನೇತಾಡಿತು.

"ಭಾವಾ, ಮೂಗು!" ಎಂದು ಗೂಳಿ ನರಳಿದ.

ಕನ್ನಡಕದವನು ಹತ್ತಿ ತರಲು ಒಳಕೋಣೆಗೆ ಓಡಿದ. ಅಷ್ಟರಲ್ಲಿ ಹೆಂಡತಿ ತಮ್ಮನ ಕೊರಳಿನ ಪಟ ತೆಗೆದಿಟ್ಟು, ಗೋಡೆ ಬೋಳಾಗಿ ಕಾಣಬಾರದೆಂದು, ಕಂಪನಿಯವರು ಯಾವಾಗಲೋ ಕಳಿಸಿ ಕಪಾಟಿನ ಹಿಂದೆ ಬಿದ್ದಿದ್ದ ಹೊಸ ಪಟವನ್ನು ಬಿಚ್ಚಿ ಅದೇ ಮೊಳೆಗೆ ತೂಗುಹಾಕಿದಳು.

ಗೂಳಿಯ ಮೂಗಿಗೆ ಹತ್ತಿ ತುರುಕಿ ಮುಗಿದ ಮೇಲೆ ಡ್ರೈವರ್ ಕೊಂಕು ತೆಗೆದ. "ನಮ್ಮದೆಲ್ಲ ಆಯ್ತು. ರೆಫರಿ ಸಾಹೇಬರ ಕಣ್ಣು ನೋಡೋರು ಯಾರು?"

ಕನ್ನಡಕದವನು ಇದಕ್ಕೇ ಕಾದಿದ್ದ. ಗಂಭೀರವಾಗಿ ನಡೆದು ಹೊಸ್ತಿಲ ಮೇಲೆ ನಿಂತ. ಎದೆ ಉಬ್ಬಿಸಿದ. ಹಳೆಯ ಪಟವನ್ನೇ ಅಂಟಿಸಿ ತೂಗುಹಾಕಿದ್ದಾಳೆ ಎಂದು ನಂಬಿ ಗೋಡೆಯ ಕಡೆ ಕಣ್ಣು ನೆಟ್ಟು, ದಿನಾ ಬೆಳಿಗ್ಗೆ ಓದುವಂತೆ, ಕಟ್ಟಕಡೆಯ ಸಾಲನ್ನು ಒಂದೇ ಉಸಿರಿಗೆ ಓದಿ ಮುಗಿಸಿದ.

ಫ್ರೇಮು ತೊಟ್ಟ ಇಬ್ಬರೂ ಪಟವನ್ನೊಮ್ಮೆ, ಅವನನ್ನೊಮ್ಮೆ ನೋಡಿದರು.

"ಕನ್ನಡಕದಣ್ಣಾ" ಎಂದ ಬೇಕರಿಯಣ್ಣ ಮೆಲ್ಲಗೆ, "ಈಗ ಓದಿದ್ರಲ್ಲಿ ಒಂದಕ್ಷರಾನೂ ಅಲ್ಲಿಲ್ಲ."

ಹೆಂಡತಿ ತುಟಿ ಕಚ್ಚಿಕೊಂಡಳು. "ರೀ… ಅದು ಹೊಸ ಪಟ."

ಅವನು ಕಣ್ಣು ಕಿರಿದು ಮಾಡಿದ. ಒಂದು ಹೆಜ್ಜೆ ಮುಂದಿಟ್ಟ. ಇನ್ನೊಂದು. ಪಟಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದ ಮೇಲೆ ಅಕ್ಷರಗಳು ಮೊಗ್ಗಿನಂತೆ ಬಿಚ್ಚಿಕೊಂಡವು. ಹದ್ದು ಎಂದೋ ಹಾರಿಹೋಗಿತ್ತು. ಇಷ್ಟು ವರ್ಷ ಅವನು ಓದುತ್ತಿದ್ದದ್ದು ಪಟವನ್ನಾಗಿರಲಿಲ್ಲ, ಬಾಯಿಪಾಠವನ್ನು. ಸ್ಟೂಲಿನ ಮೇಲೆ ಕುಸಿದು ಕೂತ.

"ಕಾಣಿಸ್ಲಿಲ್ಲ ಕಣ್ರಯ್ಯಾ. ಭಾನುವಾರ ನನಗೆ ಕಂಡಿದ್ದು ಧೂಳು, ಕಾಲು, ಗೂಳಿ ಬೆನ್ನು. ಅಷ್ಟೇ. ಚೆಂಡು ಎಲ್ಲಿತ್ತೋ ದೇವರಿಗೇ ಗೊತ್ತು."

"ದೇವರು ಯಾಕೆ, ಗೂಳೀನೇ ಇದ್ದಾನಲ್ಲ" ಎಂದು ಡ್ರೈವರ್ ತಿರುಗಿದ. "ನೀನು ಹೇಳೋ. ಮುಟ್ತಾ, ಇಲ್ವಾ?"

ಗೂಳಿ ಹತ್ತಿ ತುಂಬಿದ ಮೂಗಿನಲ್ಲೇ ಗೊಣಗಿದ. "ನನಗೇನು ಗೊತ್ತು? ಹಾರೋವಾಗ ನಾನು ಕಣ್ಣು ಮುಚ್ಕೋತೀನಿ."

"ಏನಂದೆ?"

"ಭಯ ಆಗುತ್ತಕ್ಕಾ!"

ಮೊದಲು ನಕ್ಕವಳು ಅಕ್ಕ. ಆಮೇಲೆ ಯಾರು ಯಾರ ಮೇಲೆ ಒರಗಿ ನಕ್ಕರೋ ಲೆಕ್ಕವಿಲ್ಲ. ಮೂರು ದಿನದಿಂದ ಪೇಟೆಗೆ ಪೇಟೆಯೇ ಹೊಡೆದಾಡುತ್ತಿದ್ದ ಆ ಘಟನೆಯನ್ನು ಒಂದು ನರಪಿಳ್ಳೆಯೂ ನೋಡಿರಲಿಲ್ಲ.

ನಗು ನಿಂತ ಮೇಲೆ ಕನ್ನಡಕದವನು ಕೈಮುಗಿದ. "ಹೊರಗೆ ಹೇಳಬೇಡಿ. ಅಂಗಡಿ ಮುಚ್ಚಿಹೋಗುತ್ತೆ." ಬೇಕರಿಯಣ್ಣ ಬ್ರೆಡ್ಡಿನ ಮೇಲೆ ಆಣೆ ಇಟ್ಟ. ಚಪ್ಪಟೆಯಾದ ಬ್ರೆಡ್ಡಿನ ಮೇಲಿನ ಆಣೆ ಎಷ್ಟು ಹೊತ್ತು ನಿಂತೀತು? ಸಂಜೆಯ ಬನ್ನು ಒಲೆಯಿಂದ ಇಳಿಯುವುದರೊಳಗೆ ಸುದ್ದಿ ಬೀದಿಯ ಆ ತುದಿ ಮುಟ್ಟಿತ್ತು.

ಮರುದಿನ ಕನ್ನಡಕದವನು ಮನೆಯಿಂದ ತಲೆ ತಗ್ಗಿಸಿಕೊಂಡೇ ಬಂದ. ಅಂಗಡಿಯ ಮುಂದೆ ಜನ ಸೇರಿದ್ದರು. ಬೀಗ ಜಡಿಯಲು ಬಂದವರಿರಬೇಕು ಎಂದುಕೊಂಡ. ಮುಂದೆ ನಿಂತಿದ್ದ ಅಜ್ಜಿ ತನ್ನ ಮುರುಕು ಕನ್ನಡಕ ಚಾಚಿದಳು. "ದಿನಾ ಪಟ ನೋಡೋ ನಿನಗೇ ಗೊತ್ತಾಗದ ಹಾಗೆ ಕಣ್ಣು ಹೋಗಿತ್ತಂತಲ್ಲಪ್ಪಾ. ನಮ್ಮದೇನು ಗತಿ? ಮೊದಲು ನನ್ನ ನೋಡು. ಹೊಸ ಪಟದಲ್ಲಿ." ಹೆದರಿದ ಗಿರಾಕಿಯಷ್ಟು ಒಳ್ಳೆಯ ಗಿರಾಕಿ ಇನ್ನಿಲ್ಲ. ಫ್ರೇಮುಗಳ ಡಬ್ಬಿಗಳು ಬರಿದಾದವು. ರಾತ್ರಿ ಊಟಕ್ಕೆ ಗೂಳಿಯೂ ಬಂದ, ಉಳಿತಾಯ ಅಲ್ಲಿಗೆ ಮುಗಿಯಿತು.

ಭಾನುವಾರ ರೆಫರಿ ಮೈದಾನಕ್ಕಿಳಿದಾಗ ಮೂಗಿನ ಮೇಲೆ ದಪ್ಪ ಕನ್ನಡಕ. ಜಾರದಿರಲೆಂದು ಹೆಂಡತಿ ಅವನ ಹಳೆಯ ಪೈಜಾಮದ ಇಲಾಸ್ಟಿಕ್ ಬಿಚ್ಚಿ ಹಿಂದಕ್ಕೆ ಕಟ್ಟಿದ್ದಳು. ಗ್ಯಾಲರಿಯಲ್ಲಿ ಬಿಸಿಲಿಗೆ ನೂರಾರು ಹೊಸ ಗಾಜುಗಳು ಮಿಂಚಿದವು.

ಮೊದಲರ್ಧ ಸಪ್ಪೆ. ಪೇಟೆಯವನೊಬ್ಬ ಚೆಂಡನ್ನು ಮುಂದಕ್ಕೆಸೆದ, ಸೀಟಿ. ಗಿರಣಿಯವನೊಬ್ಬ ಕೊರಳಿಗೆ ಕೈಹಾಕಿದ, ಸೀಟಿ. ಎಲ್ಲರಿಗೂ ಎಲ್ಲವೂ ನಿಚ್ಚಳವಾಗಿ ಕಾಣಿಸುತ್ತಿತ್ತು. ಜಗಳಕ್ಕೆ ಜಾಗವೇ ಇರಲಿಲ್ಲ. ಗ್ಯಾಲರಿ ಆಸ್ಪತ್ರೆಯ ವರಾಂಡದಂತೆ ಕೂತಿತ್ತು.

ಕೊನೆಯ ನಿಮಿಷ. ಪೇಟೆ ನಾಲ್ಕು ಅಂಕ ಹಿಂದೆ, ಚೆಂಡು ನೆಲಕ್ಕೆ ಮುಟ್ಟಿಸಿದರೆ ಐದು ಅಂಕ. ಗೂಳಿ ಚೆಂಡು ಅವುಚಿಕೊಂಡು, ಕಣ್ಣು ಮುಚ್ಚಿ ಹಾರಿದ. ಮೇಲೆ ರಾಶಿ ಬಿತ್ತು. ರೆಫರಿ ಬಗ್ಗಿ ಇಣುಕಿದ. ಧೂಳಿನ ನಡುವೆ ಚೆಂಡು ಸ್ಪಷ್ಟವಾಗಿ ಕಂಡಿತು. ಅದರ ಅಡಿಯಲ್ಲಿ ಗಿರಣಿಯವನೊಬ್ಬನ ಮೊಣಕೈ, ಅದರಡಿಯಲ್ಲಿ ನೆಲ. ಮುಟ್ಟಿಲ್ಲ.

ಸೀಟಿ ಬಾಯಿಗಿಡುವ ಮುನ್ನ ಅವನು ಗ್ಯಾಲರಿಯ ಕಡೆ ನೋಡಿದ. ಅಲ್ಲಿ ಬೇಕರಿಯಣ್ಣ ಕನ್ನಡಕ ತೆಗೆದು, ಒರೆಸಿ, ಜೇಬಿಗಿಳಿಸುತ್ತಿದ್ದ. ಪಕ್ಕದಲ್ಲಿ ಡ್ರೈವರ್. ಆಮೇಲೆ ಅಜ್ಜಿ. ಸಾಲು ಸಾಲಾಗಿ ಮಿಂಚು ಆರಿಹೋಯಿತು.

ಸೀಟಿ ಊದಿ ಕೈಯಾಡಿಸಿದ. ಮುಟ್ಟಿಲ್ಲ!

"ಕಣ್ಣು ತೋರಿಸ್ಕೊಳ್ಳಯ್ಯಾ!" ಎಂದು ಗ್ಯಾಲರಿಗೆ ಗ್ಯಾಲರಿಯೇ ಎದ್ದುನಿಂತು ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಅಜ್ಜಿ. ರೆಫರಿ ಇಲಾಸ್ಟಿಕ್ ಬಿಗಿ ಮಾಡಿಕೊಂಡು, ನಗು ಕಾಣದಂತೆ ಆ ಕಡೆ ತಿರುಗಿ ನಿಂತ.