ಜಾಫರ್ ಭಾಯಿಯ ಡಬ್ಬಿ

ನಮ್ಮ ಮನೆಯಲ್ಲಿ ಸಾರಿನ ಹುಳಿಗೆ ಹಾಕುವ ಮುರುಗಲ ಸಿಪ್ಪೆ ತುಂಬಿಡುವುದಕ್ಕೆ ಒಂದು ಕರಿ ಪ್ಲಾಸ್ಟಿಕ್ ಡಬ್ಬಿಯಿದೆ. ಎಷ್ಟು ತೊಳೆದರೂ, ಎಷ್ಟು ಬಿಸಿಲಿಗಿಟ್ಟರೂ, ಮುಚ್ಚಳ ತಿರುಗಿಸಿದ ಕೂಡಲೇ ಹುಳಿಯ ಜೊತೆಗೆ ಬೇಕರಿ ಕೇಕಿನ ವಾಸನೆಯೊಂದು ಬರುತ್ತದೆ. ಮೊನ್ನೆ ಮೀನು ಸಾರಿಗೆ ನಾಲ್ಕು ಸಿಪ್ಪೆ ತೆಗೆಯುವಾಗಲೂ ಬಂತು. ಅದೇ ಹೊತ್ತಿಗೆ ಜಗಲಿಯಲ್ಲಿ ಫೋನು ರಿಂಗಾಯಿತು. ಫೋನಿನ ಸಂಗತಿ ಆಮೇಲೆ ಹೇಳುತ್ತೇನೆ, ಮೊದಲು ಡಬ್ಬಿಯ ಕಥೆ ಆಗಲಿ. ಕುಳಿತುಕೊಳ್ಳಿ, ಇವತ್ತಿನ ಸಾರು ಕುದಿಯಲು ಇನ್ನೂ ಹೊತ್ತಿದೆ.

ನನ್ನ ಗಂಡ ಮುಟ್ಟಳ್ಳಿಯಲ್ಲಿ ಶಾಲೆ ಮಾಸ್ತರು. ಭಟ್ಕಳ ಪೇಟೆಯ ಜಾಫರ್ ಭಾಯಿ ಹೈಸ್ಕೂಲಿನಲ್ಲಿ ಇವರ ಜೊತೆ ಒಂದೇ ಬೆಂಚಿನಲ್ಲಿ ಕೂತವರು, ಆಮೇಲೆ ದುಬೈಗೆ ಹೋದವರು. ರಜೆಯಲ್ಲಿ ಬಂದರೆಂದರೆ ನಮ್ಮ ಮನೆಗೂ ಒಂದು ಪಾಲು: ಖರ್ಜೂರ, ಸಾಬೂನು, ನೋವಿನ ಮುಲಾಮು. ಹಾಗೆ ಚೀಲ ಬಿಚ್ಚಿ ಕೊಟ್ಟದ್ದನ್ನು ಬೇಡ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಬೇಡ ಅಂದರೆ ಕೊಟ್ಟವರ ಮುಖ ಸಣ್ಣದಾಗುತ್ತದೆ. ಒಂದು ವರ್ಷ ಅವರು ಕೊಟ್ಟ ಅತ್ತರಿಗೆ ನನಗೆ ಮೂರು ದಿನ ತಲೆನೋವು. ಆದರೂ 'ಎಂಥ ಪರಿಮಳ ಭಾಯಿ' ಎಂದೇ ಹೇಳಿದ್ದೆ. ಮರುವರ್ಷ ಎರಡು ಬಾಟಲಿ ಬಂತು.

ಆಗ ನಮ್ಮ ಮದುವೆಯಾಗಿ ಆರು ವರ್ಷ, ಮಕ್ಕಳಿರಲಿಲ್ಲ. ನಾನು ಕಾಣದ ಡಾಕ್ಟರಿಲ್ಲ, ಕುಡಿಯದ ಕಷಾಯವಿಲ್ಲ. ಇವರನ್ನೂ ಒಮ್ಮೆ ತೋರಿಸೋಣ ಎಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆದರೂ ಹೇಳುವವರು ಯಾರು? ಇವರೋ, ಶಾಲೆಯಿಂದ ಬಂದವರೇ ಜಗಲಿಯಲ್ಲಿ ಉರುಳುತ್ತಿದ್ದರು. 'ಯಾಕೋ ಸುಸ್ತು ಮಾರಾಯ' ಎಂದು ಜಾಫರ್ ಭಾಯಿಯ ಹತ್ತಿರ ಅಂದಿರಬೇಕು. ಮಕ್ಕಳ ಮಾತು ಎತ್ತಿರಲಾರರು, ಆದರೂ ಸ್ನೇಹಿತನಿಗೆ ಅಷ್ಟು ಅರ್ಥವಾಗದೆ ಇದ್ದೀತೇ. ಆ ಸಲ ಚೀಲದಿಂದ ಹೊರಬಂದದ್ದು ಈ ಡಬ್ಬಿ. ಮೇಲೆ ತೋಳು ಉಬ್ಬಿಸಿ ನಿಂತ ಗಂಡಸಿನ ಚಿತ್ರ, ಒಳಗೆ ಕೇಕಿನ ವಾಸನೆಯ ಸಿಹಿ ಪುಡಿ.

"ಗಂಡಸರ ಶಕ್ತಿಗೆ ಅಂತೆ. ಅಲ್ಲಿ ಎಲ್ರೂ ತಗೊಳ್ತಾರೆ ಮಾಸ್ತರಾ, ಹಾಲಲ್ಲಿ ಎರಡು ಚಮಚ," ಎಂದರು ಜಾಫರ್ ಭಾಯಿ, ನನ್ನ ಕಡೆ ನೋಡದೆ.

ಸುಳ್ಳು ಯಾಕೆ ಹೇಳಲಿ, ಒಂದೆರಡು ತಿಂಗಳಲ್ಲಿ ಇವರ ನಡಿಗೆಯೇ ಬದಲಾಯಿತು. ಮುಖದ ತುಂಬ ಮೊಡವೆ ಎದ್ದವು. ಮಾಸ್ತರಿಗೆ ಪ್ರಾಯ ಮರಳಿತು ಎಂದು ನಾನೇ ನಕ್ಕೆ. ದುಬೈಯಿಂದ ಫೋನಿನಲ್ಲಿ ಜಾಫರ್ ಭಾಯಿ "ಹೆಂಗಿದೆ?" ಎಂದು ಕೇಳಿದಾಗ ಇವರು "ಚೊಲೋ ಇದೆ" ಅಂದರು. ಇನ್ನೆರಡು ಡಬ್ಬಿ ಬಂತು. ವರ್ಷ ಕಳೆಯಿತು, ಮಗು ಮಾತ್ರ ಬರಲಿಲ್ಲ.

ಕುಮಟೆಯಲ್ಲಿ ಗಂಡ ಹೆಂಡತಿ ಇಬ್ಬರನ್ನೂ ನೋಡುವ ಡಾಕ್ಟರಮ್ಮ ಇದ್ದಾರೆಂದು ಕೇಳಿ, ಹಟ ಹಿಡಿದು ಇವರನ್ನು ಕರೆದುಕೊಂಡು ಹೋದೆ. ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಇವರ ವರದಿಯನ್ನು ಎರಡು ಸಲ ಓದಿದರು.

"ರಕ್ತದಲ್ಲಿ ಗಂಡಸರ ಹಾರ್ಮೋನು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚಿದೆ. ವೀರ್ಯಾಣು ನೋಡಿದ್ರೆ ಇಲ್ಲ ಅಂತಲೇ ಹೇಳ್ಬೇಕು. ಎಂತ ತಗೊಳ್ತಾ ಇದ್ದೀರಿ?"

"ಎಂತದೂ ಇಲ್ಲ," ಎಂದರು ಇವರು.

ಅದು ಬೇಕೆಂದು ಹೇಳಿದ ಸುಳ್ಳಲ್ಲ. ಔಷಧವೆಂದರೆ ಕಹಿಯಾದದ್ದು, ಡಾಕ್ಟರು ಬರೆದುಕೊಟ್ಟದ್ದು. ಸ್ನೇಹಿತ ಪ್ರೀತಿಯಿಂದ ಕೊಟ್ಟ ಸಿಹಿ ಪುಡಿ ಔಷಧ ಹೇಗಾದೀತು? ಗಂಡನ ಮಾತಿಗೆ ಎದುರಾಡಬಾರದೆಂದು ನಾನೂ ಬಾಯಿ ಮುಚ್ಚಿಕೊಂಡಿದ್ದೆ, ಬುದ್ಧಿವಂತೆ. ಬಸ್ಸು ಹೊನ್ನಾವರದ ಸೇತುವೆ ದಾಟುವಾಗ ಮಾತ್ರ, ಆ ಡಬ್ಬಿಯನ್ನು ಡಾಕ್ಟರಮ್ಮನಿಗೆ ತೋರಿಸಲೇಬೇಕು ಎಂದುಕೊಂಡೆ. ಮರುವಾರ ಡಬ್ಬಿಯನ್ನು ಸಂತೆ ಚೀಲದಲ್ಲಿ ಹಾಕಿಕೊಂಡು ಒಬ್ಬಳೇ ಹೋದೆ.

ಡಾಕ್ಟರಮ್ಮ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಂಥದ್ರಲ್ಲಿ ಹಾರ್ಮೋನೇ ಬೆರೆಸಿರ್ತಾರೆ, ಮೇಲೆ ಬರೆದಿರೋದಿಲ್ಲ. ಮನೆಗೆ ದಿನಾ ಹೊರಗಿನ ಊಟ ಬಂದ್ರೆ ಒಲೆ ಯಾರು ಹಚ್ತಾರೆ? ಅವರ ಮೈ ತನ್ನ ಕೆಲಸ ಬಿಟ್ಟು ಕೂತಿದೆ."

"ಒಲೆ ಮತ್ತೆ ಹತ್ತುತ್ತದಾ ಅಮ್ಮಾ?"

"ಹೆಚ್ಚಿನವರಿಗೆ ಹತ್ತುತ್ತೆ. ತಿಂಗಳುಗಟ್ಟಲೆ ಬೇಕು. ಖಾತ್ರಿ ಮಾತ್ರ ನಾನು ಕೊಡಲಾರೆ. ಪುಡಿಗಿಂತ ಮೊದಲೇ ಎಂತ ಕೊರತೆ ಇತ್ತೋ, ಅದು ಆಮೇಲೆ ಗೊತ್ತಾಗ್ಬೇಕು."

ಮನೆಗೆ ಬಂದು ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಆರು ವರ್ಷ ಕಷಾಯ ಎಲ್ಲ ನೀನೇ ಕುಡಿದೆ. ನಾನು ಕುಡಿದದ್ದು ಒಂದೇ, ಅದೂ ಹೀಂಗಾತಾ," ಎಂದರು. ಮದುವೆಯಾದ ಮೇಲೆ ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು. ಅವರ ಮೇಲೆ ಅಷ್ಟು ಪ್ರೀತಿ ನನಗೆ ಅದಕ್ಕೂ ಮೊದಲು ಬಂದಿರಲಿಲ್ಲ.

ಪುಡಿ ನಿಂತಿತು. ಡಾಕ್ಟರಮ್ಮ ಮೂರು ತಿಂಗಳಿಗೊಮ್ಮೆ ರಕ್ತ ನೋಡಿದರು, ಕಡಿಮೆಯಿದ್ದ ವಿಟಮಿನ್ ಒಂದನ್ನು ಮಾತ್ರ ಅಳತೆ ಹೇಳಿ ಬರೆದುಕೊಟ್ಟರು. ಉಳಿದದ್ದಕ್ಕೆ ಮನೆ ಊಟ, ನಡಿಗೆ, ನಿದ್ದೆ ಸಾಕು ಅಂದರು. ನನಗೆ ಸಾಕು ಎಂಬ ಮಾತು ಕಿವಿಗೆ ಬೀಳುವುದಿಲ್ಲ. ಬಳಚು, ಅದೇ ಹೊಳೆಯ ಚಿಪ್ಪಿಮೀನು, ಗಂಡಸರಿಗೆ ಒಳ್ಳೆಯದು ಎಂದು ಯಾರೋ ಅಂದದ್ದೇ ತಡ, ತದಡಿಯಿಂದ ಬುಟ್ಟಿ ಬುಟ್ಟಿ ಬಳಚು ತರಿಸಿ ಪಲ್ಯ, ಸಾರು, ಸುಕ್ಕ ಮಾಡಿ ಬಡಿಸಿದೆ. ಕೊನೆಗೆ ಇವರೇ ಹೋಗಿ ದೂರು ಹೇಳಿದರು. "ಡಬ್ಬಿ ಬಿಡಿಸಿದ್ರೆ ಬಳಚು ಹಿಡ್ಕೊಂಡ್ರಾ?" ಎಂದು ಡಾಕ್ಟರಮ್ಮ ನನ್ನನ್ನೇ ಗದರಿಸಿದರು.

ಎರಡು ವರ್ಷಕ್ಕೆ ಮಗಳು ಹುಟ್ಟಿದಳು. ರಜೆಗೆ ಬಂದ ಜಾಫರ್ ಭಾಯಿ ಅವಳನ್ನು ಎತ್ತಿಕೊಂಡು, "ನೋಡಿ ಭಾಭಿ, ನಮ್ಮ ಪೌಡರಿನ ಕೆಲಸ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು. "ಹೌದು ಮಾರಾಯ," ಎಂದರು. ಅಂದಿನಿಂದ ಅವಳು ಜಾಫರ್ ಭಾಯಿಗೆ ಪೌಡರ್ ರಾಣಿ. ಈಗ ಕಾಲೇಜಿಗೆ ಹೋಗುತ್ತಾಳೆ, ಇನ್ನೂ ಅದೇ ಹೆಸರು. ಒಂದು ಸುಳ್ಳಿನಿಂದ ಯಾರಿಗೆ ಏನು ನಷ್ಟ ಎಂದು ನಾವು ಸುಮ್ಮನಿದ್ದೆವು.

ಮೊನ್ನೆಯ ಫೋನು ಅವರದ್ದೇ, ಇವರು ಸ್ಪೀಕರ್ ಹಾಕಿದ್ದರು. ದುಬೈಯಲ್ಲಿರುವ ಮಗನಿಗೆ ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗಿಲ್ಲ. "ನಿನಗೆ ಕೊಟ್ಟಿದ್ನಲ್ಲ, ಅದೇ ಪೌಡರ್ ತಗೋ ಅಂತ ಹೇಳಿದೀನಿ. ಹೆಸರು ಮರ್ತೋಗಿದೆ. ಡಬ್ಬಿ ಇದ್ರೆ ಓದಿ ಹೇಳು ಮಾಸ್ತರಾ."

ನಾನು ಸಿಪ್ಪೆಯನ್ನೆಲ್ಲ ಮೊರಕ್ಕೆ ಸುರಿದು ಖಾಲಿ ಡಬ್ಬಿಯನ್ನು ಇವರ ಮುಂದೆ ಇಟ್ಟೆ. ಇವರು ಅದನ್ನು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಪಕ್ಕಕ್ಕೆ ಸರಿಸಿದರು.

"ಜಾಫರಾ, ಅದನ್ನ ಕೊಡಬೇಡ. ಆ ಪುಡಿಯಿಂದ ನಂಗೆ ಇದ್ದದ್ದೂ ಕೆಟ್ಟಿತ್ತು. ಕುಮಟೆ ಡಾಕ್ಟರಮ್ಮ ಬಿಡಿಸಿದ ಮೇಲೆ ಮಗಳು ಹುಟ್ಟಿದ್ದು."

ಆ ಕಡೆಯಿಂದ ಜಾಫರ್ ಭಾಯಿ ಕೇಳಿದರು:

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನಿನ್ನ ಮುಖ ಸಣ್ಣ ಆಗ್ತದೆ ಅಂತ."

"ನನ್ನ ಮುಖ ಬಿಡು," ಎಂದರು ಜಾಫರ್ ಭಾಯಿ. "ಆ ಡಾಕ್ಟರಮ್ಮ ಇನ್ನೂ ಇದಾರಾ? ಮಗನ್ನ ಕರೆಸ್ತೀನಿ, ನೀನು ಜೊತೆಗೆ ಬಾ." ಇನ್ನೇನು ಫೋನು ಇಡಬೇಕು, ಮತ್ತೆ ಹೇಳಿದರು: "ಹುಡುಗಿ ಹೆಸರು ಮಾತ್ರ ನಾನು ಬದಲು ಮಾಡೋದಿಲ್ಲ."

ಇವರು ಫೋನು ಕೆಳಗಿಟ್ಟು ಕಣ್ಣೊರೆಸಿಕೊಂಡರು. ಬಹಳ ದಿನದ ಹೊರೆ ಇಳಿಸಿದವರಂತೆ ಗೋಡೆಗೆ ಒರಗಿದರು.

"ಅತ್ತರಿನ ವಿಷಯಾನೂ ಹೇಳ್ಬೇಕಿತ್ತನಾ?" ಎಂದು ಕೇಳಿದರು.

"ಅದು ಬೇಡ," ಎಂದೆ.