ಒಂದೇ ಗಡ್ಡೆ, ಐದು ಬಾಟ್ಲಿ

ತೊಂಬತ್ತರ ದಶಕದಲ್ಲಿ ಸೊರಬದಲ್ಲಿ ಐಸ್ ಡಬ್ಬಿ ಹಿಡಿದು ಬಸ್ ಹತ್ತಿದರೆ, ಮಂಗನ ಕಾಯಿಲೆಗೆ ಸತ್ತ ಮಂಗ ಸಾಗಿಸುವವರೆಂದೇ ಲೆಕ್ಕ. ನನ್ನ ಸುತ್ತಲ ಸೀಟುಗಳೂ ಖಾಲಿಯಾದವು. ಕಂಡಕ್ಟರ್, "ಮಂಗ ಇದ್ರೆ ಇಳೀರಿ" ಅಂದ.

ಡಬ್ಬಿಯಲ್ಲಿದ್ದದ್ದು ಹೆಂಗಸೊಬ್ಬರ ಅಂಡಾಶಯದ ಗಡ್ಡೆಯ ಐದು ಚೂರು, ಐದು ಬಾಟ್ಲಿಗಳಲ್ಲಿ. ಐಸ್ ಕರಗುವ ಮೊದಲು ಲ್ಯಾಬ್ ಮುಟ್ಟಿಸಬೇಕಿತ್ತು. ಅಷ್ಟು ಜನರೆದುರು ಅಂಡಾಶಯ ಎನ್ನಲಾಗದೆ, ಎದ್ದು ಹೋಗದೆ ಪಕ್ಕದಲ್ಲೇ ಕೂತಿದ್ದ ಭತ್ತದ ಸಾಹುಕಾರರಿಗೆ ಮುಚ್ಚಳ ಸರಿಸಿ ತೋರಿಸಿ ಕಿವಿಯಲ್ಲಿ ಹೇಳಿದೆ.

"ಒಂದೇ ಗಡ್ಡೆಗೆ ಐದು ಬಾಟ್ಲಿ ಯಾಕ್ರೀ?"

"ಗಡ್ಡೆ ಒಂದೇ ಆದ್ರೂ ಒಂದು ಕಡೆ ಇದ್ದ ಜೀನ್ ಇನ್ನೊಂದು ಕಡೆ ಹಾಗೇ ಇರಲ್ಲ. ಅಲ್ಲಲ್ಲಿಂದ ತೆಗೆದು ಡಿಎನ್ಎ ಹೋಲಿಸಿ ನೋಡ್ತೀವಿ."

"ನಾವು ಚೀಲದ ಬಾಯಿ, ನಡು, ತಳ ಚುಚ್ಚಿ ನೋಡ್ದಂಗೆ" ಅಂದವರೇ ಬಸ್ಸಿಗೆಲ್ಲ ಕೇಳುವಂತೆ, "ಮಂಗ ಅಲ್ರೀ, ಭತ್ತದ ಸ್ಯಾಂಪಲ್ಲು" ಎಂದರು. ಜನ ವಾಪಸ್ ಬಂದು ಕೂತರು.

ಹಿಂದಿನ ಸೀಟಿನ ರೈತನೊಬ್ಬ, "ಯಾವ ತಳಿ ಸ್ವಾಮಿ?" ಅಂದ.

ಸುಳ್ಳು ಬಾಯಿಗೆ ಬರಲಿಲ್ಲ. "ಪರೀಕ್ಷೆ ಆಗ್ಬೇಕು. ಒಂದರಲ್ಲೇ ನಾಲ್ಕೈದು ಥರ ಬೆರೆತಿರಬಹುದು."

"ಹಂಗಾರೆ ಸಾಹುಕಾರ್ರು ನಮಗೆ ಕೊಟ್ಟ ಬೀಜದ ಭತ್ತಾನೇ ಬಿಡಿ."

ಬಸ್ಸೆಲ್ಲ ನಕ್ಕಿತು. ಮಂಗನ ಕಾಯಿಲೆಗೂ ಅಲುಗದ ಸಾಹುಕಾರರು ಎದ್ದು ಹೋಗಿ ಶಿಕಾರಿಪುರದವರೆಗೂ ಡ್ರೈವರ್ ಹಿಂದೆ ಕೂತರು.